ಎಣಿಸಿ ಮುಗಿಯದ ಲೆಕ್ಕ

ಚಿತ್ರ ಎಂದ ಮೇಲೆ ಅದರಲ್ಲಿ ಏನಾದರೂ ಕಾಣಬೇಕು ಎಂಬುದು ಸಾಮಾನ್ಯ ನಿರೀಕ್ಷೆ. ಬೆಟ್ಟವೋ ಹೊಳೆಯೋ, ದೇವರೋ ಮನುಷ್ಯನೋ, ಕಡೆಗೆ ಅರ್ಥವಾಗದ ಬಣ್ಣದ ಗೀರುಗಳಾದರೂ ಇರಬೇಕು. ಪೋಲೆಂಡಿನ ರೋಮನ್ ಒಪಾಲ್ಕಾ ಎಂಬ ಕಲಾವಿದನ ಚಿತ್ರಗಳಲ್ಲಿ ಇವು ಯಾವುವೂ ಇಲ್ಲ. ಇರುವುದು ಬರೀ ಸಂಖ್ಯೆಗಳು. ಒಂದು, ಎರಡು, ಮೂರು, ನಾಲ್ಕು ಎಂದು ಸಾಲಾಗಿ ಬರೆದ ಸಂಖ್ಯೆಗಳು. ಆತ ಇದನ್ನು 1965ರಲ್ಲಿ ಶುರುಮಾಡಿ 2011ರಲ್ಲಿ ಸಾಯುವವರೆಗೂ ಮುಂದುವರಿಸಿದ. ನಲವತ್ತಾರು ವರ್ಷ ಆತ ಮಾಡಿದ್ದು ಇದೊಂದೇ ಕೆಲಸ ಎಂದರೂ ಸರಿಯೆ.

ಒಪಾಲ್ಕಾ ಹುಟ್ಟಿದ್ದು 1931ರಲ್ಲಿ, ಫ್ರಾನ್ಸಿನಲ್ಲಿ ನೆಲೆಸಿದ್ದ ಪೋಲಿಷ್ ದಂಪತಿಗಳ ಮಗನಾಗಿ. ಪೋಲೆಂಡಿಗೆ ಮರಳಿದ್ದ ಈ ಕುಟುಂಬವನ್ನು 1940ರಲ್ಲಿ ನಾಜಿಗಳು ಜರ್ಮನಿಗೆ ಸಾಗಿಸಿದರು. ಯುದ್ಧ ಮುಗಿದ ಮೇಲೆ ಊರಿಗೆ ಹಿಂದಿರುಗಿದ ಹುಡುಗ ಮುಂದೆ ವಾರ್ಸಾ ನಗರದಲ್ಲಿ ಚಿತ್ರಕಲೆ ಕಲಿತ. 1965ರಲ್ಲಿ ಒಂದು ದಿನ ಅಲ್ಲಿನ ಕೆಫೆಯೊಂದರಲ್ಲಿ ಆತ ಹೆಂಡತಿಗಾಗಿ ಕಾಯುತ್ತ ಕುಳಿತಿದ್ದ. ಆಕೆ ಬರುವುದು ತಡವಾಯಿತು. ಸರಿದುಹೋಗುವ ಕಾಲವನ್ನು ಕಣ್ಣಿಗೆ ಕಾಣುವಂತೆ ಚಿತ್ರಿಸುವುದು ಹೇಗೆಂಬ ಪ್ರಶ್ನೆಗೆ ಉತ್ತರ ಹೊಳೆದದ್ದು ಆ ಹೊತ್ತಿನಲ್ಲಿ.

ಉತ್ತರ ಸರಳವಾಗಿತ್ತು. ಗಡಿಯಾರದ ಮುಳ್ಳು ಹೊರಟ ಜಾಗಕ್ಕೇ ಮರಳಿ ಬರುತ್ತದೆ. ಕ್ಯಾಲೆಂಡರಿನಲ್ಲಿ ಜನವರಿ ಮತ್ತೆ ಮತ್ತೆ ಬರುತ್ತದೆ. ಮನುಷ್ಯನ ಆಯುಷ್ಯ ಮಾತ್ರ ಹಾಗಲ್ಲ. ಅದು ಒಂದೇ ದಿಕ್ಕಿಗೆ ಸಾಗುತ್ತದೆ, ಹಿಂದಕ್ಕೆ ಬರುವುದಿಲ್ಲ. ಒಂದೇ ದಿಕ್ಕಿಗೆ ಬೆಳೆಯುತ್ತ ಹೋಗುವ ಇನ್ನೊಂದು ಸಂಗತಿ ಎಣಿಕೆ. ಆದ್ದರಿಂದ ಎಣಿಸುತ್ತ ಹೋದರಾಯಿತು.

ಆತ 196 ಸೆಂಟಿಮೀಟರ್ ಎತ್ತರ, 135 ಸೆಂಟಿಮೀಟರ್ ಅಗಲದ, ಹೆಚ್ಚುಕಡಿಮೆ ಒಂದು ಬಾಗಿಲಿನಷ್ಟು ದೊಡ್ಡ ಕ್ಯಾನ್ವಾಸಿಗೆ ಕಪ್ಪು ಬಣ್ಣ ಬಳಿದ. ಸೊನ್ನೆ ನಂಬರಿನ ಸಣ್ಣ ಕುಂಚವನ್ನು ಬಿಳಿ ಬಣ್ಣದಲ್ಲಿ ಅದ್ದಿ, ಎಡಗಡೆಯ ಮೇಲಿನ ಮೂಲೆಯಲ್ಲಿ 1 ಎಂದು ಬರೆದ. ಅದರ ಪಕ್ಕದಲ್ಲಿ 2. ಬಲಗಡೆಯ ಕೆಳಮೂಲೆಗೆ ಬಂದಾಗ ಲೆಕ್ಕ 35,327ಕ್ಕೆ ಮುಟ್ಟಿತ್ತು. ಎರಡನೆಯ ಕ್ಯಾನ್ವಾಸು 35,328ರಿಂದ ಮೊದಲಾಯಿತು. ಹೀಗೆ ಒಂದಾದ ಮೇಲೊಂದು. ಇಡೀ ಕೃತಿಗೆ ಆತ ಕೊಟ್ಟ ಹೆಸರು ‘1965 / 1ರಿಂದ ಅನಂತ’. ಒಂದೊಂದು ಕ್ಯಾನ್ವಾಸನ್ನೂ ಆತ ಚಿತ್ರ ಎಂದು ಕರೆಯದೆ ‘ವಿವರ’ ಎಂದು ಕರೆದ. ಅಂದರೆ ಎಲ್ಲ ಕ್ಯಾನ್ವಾಸುಗಳೂ ಸೇರಿ ಒಂದೇ ಚಿತ್ರ.

ಇಂಥ ಕೃತಿಗಳನ್ನು ಪರಿಕಲ್ಪನಾ ಕಲೆ ಎಂದು ಕರೆಯುತ್ತಾರೆ. ಇಲ್ಲಿ ಕಣ್ಣಿಗೆ ಕಾಣುವ ಚೆಲುವಿಗಿಂತ ಅದರ ಹಿಂದಿನ ವಿಚಾರಕ್ಕೆ ಹೆಚ್ಚು ಬೆಲೆ. 1965ರಲ್ಲೇ ಅಮೆರಿಕದ ಜೋಸೆಫ್ ಕೊಸುತ್ ಎಂಬಾತ ಒಂದು ಕುರ್ಚಿ, ಅದರದೇ ಫೋಟೋ, ಜೊತೆಗೆ ನಿಘಂಟಿನಲ್ಲಿ ಕುರ್ಚಿ ಎಂಬ ಪದಕ್ಕಿರುವ ಅರ್ಥ, ಈ ಮೂರನ್ನೂ ಅಕ್ಕಪಕ್ಕ ಇಟ್ಟು ತೋರಿಸಿದ್ದ. ಇವುಗಳಲ್ಲಿ ನಿಜವಾದ ಕುರ್ಚಿ ಯಾವುದು ಎಂದು ನೋಡಿದವರು ತಲೆ ಕೆಡಿಸಿಕೊಳ್ಳಲಿ ಎಂಬುದೇ ಉದ್ದೇಶ. ಅಮೆರಿಕದವನೇ ಆದ ಸಾಲ್ ಲೆವಿಟ್ 1967ರಲ್ಲಿ ಬರೆದ ಪ್ರಬಂಧದಲ್ಲಿ ಈ ಪಂಥದ ನಿಲುವನ್ನು ವಿವರಿಸಿದ. ವಿಚಾರ ಮುಖ್ಯ, ಅದನ್ನು ಕಾರ್ಯರೂಪಕ್ಕೆ ತರುವುದು ಆಮೇಲಿನ ಮಾತು ಎಂಬುದು ಅದರ ತಾತ್ಪರ್ಯ. ಗೋಡೆಯ ಮೇಲೆ ಎಂಥ ಗೆರೆಗಳನ್ನು ಎಳೆಯಬೇಕೆಂದು ಲೆವಿಟ್ ಸೂಚನೆ ಬರೆದುಕೊಟ್ಟರೆ ಸಾಕಿತ್ತು, ಎಳೆಯುವ ಕೆಲಸವನ್ನು ಸಹಾಯಕರು ಮಾಡುತ್ತಿದ್ದರು.

ಒಪಾಲ್ಕಾ ಈ ಪಂಥದವನಾದರೂ ಇಲ್ಲೊಂದು ವ್ಯತ್ಯಾಸವಿದೆ. ಆತನ ವಿಚಾರವನ್ನು ಹೇಳಲು ಅರ್ಧ ನಿಮಿಷ ಬೇಡ. ಮಾಡಲು ಇಡೀ ಜೀವಮಾನ ಬೇಕು. ಅದನ್ನು ಸಹಾಯಕರಿಗೆ ವಹಿಸುವಂತೆಯೂ ಇಲ್ಲ. ಬೇರೆಯವರು ಬರೆದರೆ ಅದು ಅವರ ಆಯುಷ್ಯದ ಲೆಕ್ಕವಾಗುತ್ತದೆ, ಒಪಾಲ್ಕಾನದಾಗುವುದಿಲ್ಲ.

ಕೆಲಸಕ್ಕೆ ಆತ ಇನ್ನೂ ಕೆಲವು ನಿಯಮಗಳನ್ನು ಸೇರಿಸಿಕೊಂಡ. 1968ರಿಂದ ಬರೆಯುವ ಪ್ರತಿಯೊಂದು ಸಂಖ್ಯೆಯನ್ನೂ ಬಾಯಲ್ಲಿ ಹೇಳಿ ಟೇಪ್ ರೆಕಾರ್ಡರಿನಲ್ಲಿ ದಾಖಲಿಸತೊಡಗಿದ. 1977ರಲ್ಲಿ ಫ್ರಾನ್ಸಿಗೆ ಹೋಗಿ ನೆಲೆಸಿದ ಮೇಲೂ ಎಣಿಕೆಯ ಭಾಷೆ ಪೋಲಿಷ್ ಆಗಿಯೇ ಉಳಿಯಿತು. ಕನ್ನಡದಲ್ಲಿ ‘ಇಪ್ಪತ್ತೊಂದು’ ಎನ್ನುವಾಗ ಇಪ್ಪತ್ತು ಮೊದಲು ಬಂದು ಒಂದು ಆಮೇಲೆ ಬರುತ್ತದಲ್ಲ, ಪೋಲಿಷಿನಲ್ಲೂ ಹಾಗೆಯೇ. ಜರ್ಮನ್ ಮತ್ತು ಹಿಂದಿ ಭಾಷೆಗಳಲ್ಲಿ ಇದು ಹಿಂದುಮುಂದು. ಆದ್ದರಿಂದ ಪೋಲಿಷಿನಲ್ಲಿ ಕೈ ಬರೆಯುವ ಕ್ರಮ, ಬಾಯಿ ಹೇಳುವ ಕ್ರಮ ಎರಡೂ ಒಂದೇ. ದಿನದ ಕೆಲಸ ಮುಗಿದ ಮೇಲೆ ಬಿಳಿ ಅಂಗಿ ತೊಟ್ಟು, ಕ್ಯಾಮೆರಾದ ಎದುರು ನಿಂತು, ನಗದೆ ಅಳದೆ ತನ್ನದೊಂದು ಕಪ್ಪುಬಿಳುಪು ಫೋಟೋ ತೆಗೆದುಕೊಳ್ಳುತ್ತಿದ್ದ. ಬೆಳಕೂ ಅದೇ, ಭಂಗಿಯೂ ಅದೇ. ಬದಲಾಗುತ್ತಿದ್ದುದು ಮುಖ ಮಾತ್ರ.

1972ರಲ್ಲಿ ಲೆಕ್ಕ ಹತ್ತು ಲಕ್ಷ ದಾಟಿತು. ಅದಾಗಲೇ ಕಪ್ಪು ಹಿನ್ನೆಲೆ ಬೂದು ಬಣ್ಣಕ್ಕೆ ತಿರುಗಿತ್ತು. ಅಲ್ಲಿಂದ ಮುಂದೆ ಪ್ರತಿಯೊಂದು ಹೊಸ ಕ್ಯಾನ್ವಾಸಿನ ಹಿನ್ನೆಲೆಗೂ ಶೇಕಡಾ ಒಂದರಷ್ಟು ಬಿಳಿಯನ್ನು ಹೆಚ್ಚಿಗೆ ಬೆರೆಸುತ್ತ ಬಂದ. ಒಂದು ಕ್ಯಾನ್ವಾಸಿಗೂ ಅದರ ಮುಂದಿನದಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ಹತ್ತಾರು ಕ್ಯಾನ್ವಾಸು ದಾಟಿ ನೋಡಿದರೆ ಗೊತ್ತಾಗುತ್ತದೆ. ಮನೆಯವರ ತಲೆಕೂದಲು ಬೆಳ್ಳಗಾಗುವುದು ದಿನವೂ ನೋಡುವವರಿಗೆ ತಿಳಿಯದೆ, ವರ್ಷಗಳ ಮೇಲೆ ಬಂದ ನೆಂಟರಿಗೆ ತಿಳಿಯುವಂತೆ. 2008ರ ಹೊತ್ತಿಗೆ ಹಿನ್ನೆಲೆಯೂ ಬಿಳಿ, ಸಂಖ್ಯೆಯೂ ಬಿಳಿ. ಬರೆದದ್ದು ಕಣ್ಣಿಗೆ ಕಾಣುವುದೇ ಕಷ್ಟವಾಯಿತು. ಆದರೂ ಆತ ಬರೆಯುತ್ತಲೇ ಹೋದ.

2011ರ ಆಗಸ್ಟ್ 6ರಂದು ಇಟಲಿಯಲ್ಲಿ ಒಪಾಲ್ಕಾ ತೀರಿಕೊಂಡ. ಆತ ಬರೆದ ಕೊನೆಯ ಸಂಖ್ಯೆ 56,07,249. ಒಟ್ಟು ಕ್ಯಾನ್ವಾಸುಗಳು 233.

ಇನ್ನು ಸ್ವಲ್ಪ ಲೆಕ್ಕ ಮಾಡಿ ನೋಡಬಹುದು. ಒಂದರಿಂದ 56,07,249ರವರೆಗಿನ ಸಂಖ್ಯೆಗಳಲ್ಲಿ ಬರುವ ಅಂಕಿಗಳನ್ನೆಲ್ಲ ಎಣಿಸಿದರೆ ಸುಮಾರು 3 ಕೋಟಿ 81 ಲಕ್ಷವಾಗುತ್ತದೆ. 46 ವರ್ಷಕ್ಕೆ ಹಂಚಿದರೆ ದಿನಕ್ಕೆ ಸರಾಸರಿ ಸುಮಾರು 334 ಸಂಖ್ಯೆಗಳು. ಈ ಸರಾಸರಿಯಲ್ಲಿ ಏಳು ಏಳುಗಳ ಸಂಖ್ಯೆಯಾದ 77,77,777ನ್ನು ಮುಟ್ಟಲು ಆತನಿಗೆ ಇನ್ನೂ ಹದಿನೆಂಟು ವರ್ಷ ಬೇಕಾಗುತ್ತಿತ್ತು. ಎಂಟು ಎಂಟುಗಳ ಸಂಖ್ಯೆಯನ್ನು ಮುಟ್ಟಬೇಕಾದರೆ ಒಂದರಿಂದ ಏಳುನೂರಕ್ಕೂ ಹೆಚ್ಚು ವರ್ಷ ಬರೆಯಬೇಕು. ಒಂದೇ ಒಂದು ಅಂಕಿ ಹೆಚ್ಚಾಯಿತು, ಅಷ್ಟೆ. ಮನುಷ್ಯನ ಅಳತೆ ಅಲ್ಲಿಗೆ ಮುಗಿಯಿತು.

ಅನಂತದ ಮಾತಂತೂ ಇನ್ನೂ ಸೋಜಿಗದ್ದು. ಅನಂತಕ್ಕೆ 1 ಎಷ್ಟು ದೂರವೋ 56,07,249 ಕೂಡ ಅಷ್ಟೇ ದೂರ. ಅನಂತದಿಂದ ಎಷ್ಟು ಕಳೆದರೂ ಉಳಿಯುವುದು ಅನಂತವೇ ತಾನೆ? ನಲವತ್ತಾರು ವರ್ಷ ನಡೆದ ಮೇಲೂ ದಾರಿ ಒಂದು ಹೆಜ್ಜೆಯಷ್ಟೂ ಕಡಿಮೆಯಾಗಲಿಲ್ಲ. ಪ್ರತಿಯೊಂದು ಸಂಖ್ಯೆಗೂ ಅದರ ಮುಂದಿನದು ಇದ್ದೇ ಇದೆ. ಹಾಗಾಗಿ ಈ ಕೆಲಸಕ್ಕೆ ತನ್ನೊಳಗೇ ಒಂದು ಕೊನೆ ಎಂಬುದಿಲ್ಲ. ಬರೆಯುವವನು ಸತ್ತಾಗ ಅದು ನಿಲ್ಲಬೇಕು. ಒಪಾಲ್ಕಾ ಇದನ್ನು ತಿಳಿದೇ ಮೊದಲ ಅಂಕಿ ಬರೆದ.

‘ಇದೆಂಥ ಕಲೆ? ಮಗ್ಗಿ ಬರೆಯುವ ಮಗುವೂ ಇದನ್ನು ಬರೆಯಬಲ್ಲದು’ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆ ತಪ್ಪಲ್ಲ. ಮಗು ಬರೆಯಬಲ್ಲದು ನಿಜ, ಸ್ವಲ್ಪ ಹೊತ್ತು. ಆಮೇಲೆ ಬೇಸರವಾಗಿ ಆಟಕ್ಕೆ ಓಡುತ್ತದೆ. ಇನ್ನೊಂದು ಪ್ರಶ್ನೆ ಇದಕ್ಕಿಂತ ಗಟ್ಟಿಯಾದದ್ದು. ಒಬ್ಬ ಮನುಷ್ಯ ತನ್ನ ಆಯುಷ್ಯವನ್ನೆಲ್ಲ ಹೀಗೆ ಕಳೆಯುವುದು ವ್ಯರ್ಥವಲ್ಲವೆ? ವ್ಯರ್ಥ ಎನ್ನುವ ಮುನ್ನ ಸುತ್ತ ಒಮ್ಮೆ ನೋಡಬೇಕು. ಬಸ್ಸಿನ ಕಂಡಕ್ಟರ್ ಮೂವತ್ತು ವರ್ಷದ ನೌಕರಿಯಲ್ಲಿ ಎಷ್ಟು ಟಿಕೆಟ್ ಕೊಡುತ್ತಾನೆ? ಉತ್ತರ ಕರ್ನಾಟಕದ ಒಬ್ಬ ತಾಯಿ ಜೀವಮಾನದಲ್ಲಿ ಎಷ್ಟು ರೊಟ್ಟಿ ಬಡಿಯುತ್ತಾಳೆ? ಗುಮಾಸ್ತ ಎಷ್ಟು ಸಹಿ ಹಾಕುತ್ತಾನೆ? ಎಲ್ಲರ ದಿನಗಳೂ ಒಂದೇ ಬಗೆಯ ಕೆಲಸದ ಪುನರಾವರ್ತನೆಯಲ್ಲೇ ಕಳೆಯುತ್ತವೆ. ಅವರು ಲೆಕ್ಕ ಇಟ್ಟಿಲ್ಲ, ಒಪಾಲ್ಕಾ ಇಟ್ಟ. ಅವರ ರೊಟ್ಟಿಯಿಂದ ಹೊಟ್ಟೆಗಳು ತುಂಬಿದವು, ಅವರ ಟಿಕೆಟ್ಟಿನಿಂದ ಜನ ಊರು ಸೇರಿದರು. ಒಪಾಲ್ಕಾನ ಸಂಖ್ಯೆಗಳಿಂದ ಯಾರ ಹೊಟ್ಟೆಯೂ ತುಂಬಲಿಲ್ಲ. ಆದರೆ ಎದುರು ನಿಂತವನಿಗೆ ‘ನಿನ್ನ ಲೆಕ್ಕ ಎಲ್ಲಿಗೆ ಬಂತು?’ ಎಂದು ಕೇಳುವ ಕೆಲಸವನ್ನು ಅವು ಮಾಡುತ್ತವೆ.

ಇದು ಬರೀ ಮಾತಿನ ಚಮತ್ಕಾರವಲ್ಲ, ಲೆಕ್ಕ ಹಾಕಿಯೇ ತಿಳಿಯಬಹುದಾದ ಸಂಗತಿ. ಮೊದಲ ಕ್ಯಾನ್ವಾಸಿನಲ್ಲಿ 35,327 ಸಂಖ್ಯೆಗಳಿವೆ. ಸಂಖ್ಯೆಗೊಂದು ದಿನದಂತೆ ಎಣಿಸಿದರೆ ಅದು ಸುಮಾರು 96 ವರ್ಷ 8 ತಿಂಗಳಾಗುತ್ತದೆ. ಅಂದರೆ ಬಹುಪಾಲು ಜನರ ಇಡೀ ಜೀವನ, ಹುಟ್ಟಿದ ದಿನದಿಂದ ಕೊನೆಯ ದಿನದವರೆಗೆ, ಬಾಗಿಲಿನಗಲದ ಆ ಒಂದೇ ಕ್ಯಾನ್ವಾಸಿನಲ್ಲಿ ಹಿಡಿಯುತ್ತದೆ. ಹಿಡಿದು ಕೆಳಗೆ ಒಂದಿಷ್ಟು ಜಾಗವೂ ಉಳಿಯುತ್ತದೆ. ಒಪಾಲ್ಕಾ ಬದುಕಿದ್ದು ಎಂಬತ್ತಕ್ಕೆ ಮೂರು ವಾರ ಕಡಿಮೆ, 29,199 ದಿನ. 56 ಲಕ್ಷ ಸಂಖ್ಯೆಗಳನ್ನು ಬರೆದವನ ದಿನಗಳು ಮೊದಲ ಕ್ಯಾನ್ವಾಸನ್ನೂ ತುಂಬಲಿಲ್ಲ.

ಮೂವತ್ತು ವರ್ಷದವರು ಆ ಕ್ಯಾನ್ವಾಸಿನಲ್ಲಿ 10,957ರ ಬಳಿ ಇದ್ದಾರೆ. ಐವತ್ತು ತುಂಬಿದವರು 18,262ಕ್ಕೆ ಬಂದು ಅರ್ಧ ದಾಟಿದ್ದಾರೆ. ಅರವತ್ತರವರು 21,915ರಲ್ಲಿದ್ದಾರೆ. ಓದುಗರು ತಮ್ಮ ವಯಸ್ಸನ್ನು 365¼ರಿಂದ ಗುಣಿಸಿ ತಮ್ಮ ಜಾಗವನ್ನು ಗುರುತಿಸಿಕೊಳ್ಳಬಹುದು. ಅದಕ್ಕೆ ಕಾಗದ, ಪೆನ್ಸಿಲ್ ಸಾಕು. ಮುಂದೆ ಎಷ್ಟು ಸಾಲು ಉಳಿದಿದೆ ಎಂಬುದನ್ನು ಯಾವ ಗಣಿತವೂ ಹೇಳಲಾರದು. ನಾಳೆ ಬೆಳಗ್ಗೆ ಎದ್ದಾಗ ಬರೆಯಬೇಕಾದ ಸಂಖ್ಯೆ ಯಾವುದು ಎಂಬುದನ್ನಷ್ಟೇ ಅದು ಹೇಳಬಲ್ಲದು.