ಬೈಗುಳ ಸೂಜಿಗೆ, ಬಾಯಿ ಗುಟ್ಕಾಗೆ

"ಕೊರೊನಾ ಸೂಜಿಯೊಳಗ ಎಂಆರ್‌ಎನ್‌ಎ ಇತ್ತಂತ್ರಿ. ಅದರಿಂದನೇ ಕ್ಯಾನ್ಸರ್ ಹೆಚ್ಚಾಗ್ಯಾದ ನೋಡ್ರಿ."

ಮುಧೋಳದ ಚಹಾ ಅಂಗಡಿಯಲ್ಲಿ ಕಾಕಾ ಒಬ್ಬರು ವಾಟ್ಸ್ಆ್ಯಪ್ ತೋರಿಸಿ ಹೀಗೆ ಹೇಳಿದರು. ಹೇಳುವಾಗ ಅವರ ದವಡೆಯಲ್ಲಿ ಗುಟ್ಕಾ ಇತ್ತು.

ಕಾಕಾ, ಸಿಟ್ಟಾಗಬ್ಯಾಡ್ರಿ. ನಮ್ಮ ಕಡೆ ಬಹುತೇಕರು ಹಾಕಿಸಿಕೊಂಡಿದ್ದು ಕೋವಿಶೀಲ್ಡ್ ಇಲ್ಲವೇ ಕೋವ್ಯಾಕ್ಸಿನ್. ಎರಡೂ ಎಂಆರ್‌ಎನ್‌ಎ ಲಸಿಕೆಗಳೇ ಅಲ್ಲ.

ಎಂಆರ್‌ಎನ್‌ಎ ಹೊರಗಿನಿಂದ ಬಂದ ವಿಷವೂ ಅಲ್ಲ. ಅದು ನಮ್ಮ ಜೀವಕೋಶಗಳಲ್ಲಿ ಹುಟ್ಟಿನಿಂದಲೇ ಇದೆ. ಜೀನ್ ಅಂದರೆ ಕಚೇರಿಯಲ್ಲಿರುವ ಮೂಲ ದಾಖಲೆ, ಎಂಆರ್‌ಎನ್‌ಎ ಅದರ ನಕಲು. ನಕಲು ನೋಡಿಯೇ ಕೋಶ ಪ್ರೋಟೀನ್ ತಯಾರಿಸುತ್ತದೆ. ಆ ನಕಲಿನ ಮೇಲೆ ಕೋಶ ಸಣ್ಣ ರಾಸಾಯನಿಕ ಮುದ್ರೆಗಳನ್ನು ಒತ್ತುತ್ತದೆ. ಎಂ6ಎ ಎಂಬುದು ಅಂಥದ್ದೊಂದು ಮುದ್ರೆ. ಯಾವ ನಕಲು ಎಷ್ಟು ದಿನ ಉಳಿಯಬೇಕು, ಯಾವುದನ್ನು ಹರಿದು ಹಾಕಬೇಕು ಎಂಬುದು ಮುದ್ರೆಯ ಮೇಲೂ ನಿಂತಿದೆ.

ಕೆಲವು ಕ್ಯಾನ್ಸರ್‌ಗಳಲ್ಲಿ ಈ ಮುದ್ರೆಯ ಲೆಕ್ಕ ತಪ್ಪುತ್ತದೆ. ಕೋಶ ಬೆಳೆಸುವ ನಕಲುಗಳು ಅತಿಯಾಗಿ ಓದಲ್ಪಡುತ್ತವೆ. ಮುದ್ರೆ ಒತ್ತುವ ಮೆಟ್ಟಲ್-3 ಎಂಬ ಕಿಣ್ವವನ್ನು ತಡೆಯುವ ಮಾತ್ರೆಯನ್ನು 2022ರಿಂದ ರೋಗಿಗಳ ಮೇಲೆ ಪರೀಕ್ಷಿಸಲಾಗುತ್ತಿದೆ. ಅಂದರೆ ವಿಜ್ಞಾನಿಗಳು ಎಂಆರ್‌ಎನ್‌ಎ ಹಿಡಿದು ಕ್ಯಾನ್ಸರ್‌ಗೆ ಮದ್ದು ಹುಡುಕುತ್ತಿದ್ದಾರೆ. ನಾವು ಅದೇ ಹೆಸರು ಹಿಡಿದು ಹೆದರಿಕೆ ಹಂಚುತ್ತಿದ್ದೇವೆ.

ಆ ಮಾತ್ರೆ ಮುಧೋಳಕ್ಕೆ ಯಾವಾಗ ಬರುತ್ತದೋ! ಗುಟ್ಕಾ ಮಾತ್ರ ದಿನಾ ಬರುತ್ತದೆ. ಕರ್ನಾಟಕದಲ್ಲಿ 2013ರಲ್ಲೇ ಗುಟ್ಕಾ ನಿಷೇಧವಾಯಿತು. ಆಮೇಲೆ ಆದದ್ದೇನು? ಪಾನ್ ಮಸಾಲಾ ಒಂದು ಪಾಕೀಟು, ತಂಬಾಕು ಇನ್ನೊಂದು ಪಾಕೀಟು. ಬೆರೆಸುವ ಕೆಲಸ ನಮ್ಮ ಅಂಗೈಗೆ ಬಂತು, ಅಷ್ಟೆ. ತಂಬಾಕು ಬಿಟ್ಟೆ, ಬರೀ ಅಡಿಕೆ ಎನ್ನುವವರೂ ಕೇಳಿ: ಅಡಿಕೆಯೂ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಹೇಳಿ ಎರಡು ದಶಕವಾಯಿತು.

ಸರ್ಕಾರಕ್ಕೂ ಒಂದು ಪ್ರಶ್ನೆ. 30 ವರ್ಷ ದಾಟಿದವರ ಬಾಯಿ ತಪಾಸಣೆ ಸರ್ಕಾರದ್ದೇ ಕಾರ್ಯಕ್ರಮ. ಓದುಗರೇ, ನಿಮ್ಮ ಬಾಯಿಗೆ ಯಾರಾದರೂ ಟಾರ್ಚ್ ಹಿಡಿದು ನೋಡಿದ್ದಾರೆಯೇ? ಇಲ್ಲವೆಂದರೆ ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ.

ಬಾಯಲ್ಲಿ ಬಿಳಿ ಇಲ್ಲವೇ ಕೆಂಪು ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು, ಬಾಯಿ ಪೂರ್ತಿ ತೆರೆಯಲಾಗದಿರುವುದು: ಇವುಗಳಲ್ಲಿ ಒಂದಿದ್ದರೂ ದವಾಖಾನೆಗೆ ಹೋಗಿ. ಕಿದ್ವಾಯಿ ಸಂಸ್ಥೆಯ ಕೇಂದ್ರ ಕಲಬುರಗಿಯಲ್ಲೇ ಇದೆ, ಬೆಂಗಳೂರಿನ ತನಕ ಓಡಬೇಕಿಲ್ಲ.

ಕಾಕಾ, ಆ ಮೆಸೇಜ್ ಮುಂದೆ ಕಳಿಸಬ್ಯಾಡ್ರಿ. ಮೊದಲು ಬಾಯಾಗಿಂದು ಉಗುಳ್ರಿ.