ಸೊಸೈಟಿ ಎಷ್ಟು ದೊಡ್ಡ ಆಪತ್ತಿಗೆ ತಯಾರಾಗಬೇಕು?



ಪ್ರತಿ ಮಹಾಸಭೆಯಲ್ಲೂ ಆಪದ್ಧನ ನಿಧಿಯ ಅಂಕಿ ಓದುತ್ತಾರೆ, ನಾವು ತಲೆದೂಗುತ್ತೇವೆ. ಆಪತ್ತು ಅಂದರೆ ಎಷ್ಟು ದೊಡ್ಡದು ಅಂತ ಒಬ್ಬರೂ ಕೇಳೋದಿಲ್ಲ. ಕೇಳಿದರೆ ಎರಡೇ ಉತ್ತರ. ಗೋದಾಮಿಗೆ ಬೀಗ ಇದೆ, ಸಾಕು ಅಂತ ಒಬ್ಬ. ಪ್ರಳಯವೇ ಬಂದರೆ ಯಾರೇನು ಮಾಡೋಕಾಗುತ್ತೆ ಅಂತ ಇನ್ನೊಬ್ಬ. ರೈತ ಮುಳುಗೋದು ಇವೆರಡರ ನಡುವೆ.

ನಾನು ಅಳೆಯೋದು ಹೀಗೆ: ನೆರವು ಎಷ್ಟು ದೂರದಿಂದ ಬರಬೇಕು? ನಮ್ಮೂರ ಬಣವೆಗೆ ಬೆಂಕಿ ಬಿದ್ದರೆ ಪಕ್ಕದೂರಿಂದ ಮೇವು ಬರುತ್ತೆ. ಸೆಕ್ರೆಟರಿ ಹಾಸಿಗೆ ಹಿಡಿದರೆ ಪಕ್ಕದ ಸೊಸೈಟಿಯವರು ಬಂದು ಲೆಕ್ಕ ನೋಡಿಕೊಡುತ್ತಾರೆ. ಆದರೆ 2023 ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರವೇ ಘೋಷಿಸಿತು. ಆಗ ಪಕ್ಕದೂರಿನವನೂ ನಮ್ಮ ಹಾಗೇ ಆಕಾಶ ನೋಡುತ್ತಿದ್ದ. 2019 ರ ಆಗಸ್ಟಿನಲ್ಲಿ ಮಲಪ್ರಭಾ, ಘಟಪ್ರಭಾ, ಕೃಷ್ಣಾ ಒಟ್ಟಿಗೇ ಉಕ್ಕಿದಾಗಲೂ ಅಷ್ಟೇ, ಯಾರು ಯಾರನ್ನು ಕರೆಯೋದು?

ತಯಾರಿ ಅಲ್ಲಿಯವರೆಗೆ ಇರಬೇಕು. ಇಡೀ ತಾಲ್ಲೂಕೇ ನೆಲಕಚ್ಚಿ, ಒಂದು ಹಂಗಾಮು ಹೊರಗಿನಿಂದ ಬಿಡಿಗಾಸು ಬರದಿದ್ದರೂ ಮುಂದಿನ ಬಿತ್ತನೆಗೆ ಸೊಸೈಟಿಯಲ್ಲಿ ಬೀಜ, ಗೊಬ್ಬರ ಸಿಗಬೇಕು. ಅದಕ್ಕೆ ಕೈಗೆ ಸಿಗುವ ಹಣವನ್ನೇ ಬೇರೆ ಎತ್ತಿಡಬೇಕು. ಬಂದ ಲಾಭವನ್ನೆಲ್ಲ ಹೊಸ ಕಟ್ಟಡಕ್ಕೆ ಸುರಿದು, ಅಧ್ಯಕ್ಷರ ಹೆಸರಿನ ಕಲ್ಲು ನೆಟ್ಟು ಕೂತರೆ ಬರಗಾಲದಲ್ಲಿ ಇಟ್ಟಿಗೆ ಬಿತ್ತೋಕಾಗುತ್ತಾ?

ಇನ್ನು ಅದಕ್ಕೂ ಮೇಲಿನದು: ಅಣೆಕಟ್ಟು ಒಡೆಯೋದು, ಊರೇ ಎದ್ದುಹೋಗೋದು. ಅದಕ್ಕೆ ಒಂದು ಹಳ್ಳಿಯ ಸೊಸೈಟಿ ದುಡ್ಡು ಸುರಿಯೋದು ದಂಡ. ಅದು ಸರ್ಕಾರದ ಹೊರೆ. ಆದರೆ ಅಂಥದ್ದರಲ್ಲೂ ಒಂದು ಉಳಿಯಲೇಬೇಕು: ಯಾರು ಎಷ್ಟು ಸಾಲ ತೆಗೆದರು, ಎಷ್ಟು ಕಟ್ಟಿದರು ಅನ್ನೋ ಲೆಕ್ಕ. ಬೆಳೆಸಾಲಕ್ಕೆ ಸೊನ್ನೆ ಬಡ್ಡಿ ಅನ್ನೋದು ಗಡುವಿನೊಳಗೆ ಕಟ್ಟಿದವನಿಗೆ ಮಾತ್ರ. ಕಟ್ಟಿದ್ದಕ್ಕೆ ರುಜುವಾತೇ ನೀರುಪಾಲಾದರೆ ಬಡ್ಡಿ ಯಾರ ತಲೆಗೆ? ಊರು ಮುಳುಗಿದರೂ ಸಾಲ ಮುಳುಗೋದಿಲ್ಲ ಸ್ವಾಮಿ, ಅದು ಮಾತ್ರ ಚೆನ್ನಾಗಿ ಈಜುತ್ತೆ.

ಕಂಪ್ಯೂಟರ್ ಬಂದಿದೆಯಲ್ಲ ಅಂತಾರೆ. ಬರಲಿ, ಸಂತೋಷ. ಅದೂ ಲೆಡ್ಜರಿನ ಪಕ್ಕದಲ್ಲೇ ಕೂತಿದ್ದರೆ ಎರಡೂ ಒಟ್ಟಿಗೇ ನೆನೆಯುತ್ತವೆ. ಲೆಕ್ಕದ ಒಂದು ಪ್ರತಿ ತಿಂಗಳಿಗೊಮ್ಮೆ ನಮ್ಮ ಹೊಳೆಯ ನೀರು ಮುಟ್ಟದ ಇನ್ನೊಂದು ಊರಿಗೆ ಹೋಗಲಿ. ಪಾಸ್ ಪುಸ್ತಕವನ್ನು ಆಗಿಂದಾಗ್ಗೆ ಬರೆಸಿ ಸದಸ್ಯನ ಕೈಗೇ ಕೊಡಲಿ. ಎಷ್ಟೋ ಕಡೆ ಅವು ಇವತ್ತಿಗೂ ಸೆಕ್ರೆಟರಿಯ ಬೀರುವಿನಲ್ಲೇ ಇವೆ.