ನಾಯಿಗಳ ಇಸ್ಪೀಟಿಗೆ ಬೆಲೆ ಕಟ್ಟುವವರು

2015ರಲ್ಲಿ ನ್ಯೂಯಾರ್ಕಿನ ಸೋದಬೀಸ್ ಹರಾಜಿನಲ್ಲಿ, ನಾಯಿಗಳು ಇಸ್ಪೀಟಾಡುವ ಚಿತ್ರವೊಂದು 6,58,000 ಡಾಲರಿಗೆ ಹೋಯಿತು. ಕ್ಯಾಸಿಯಸ್ ಮಾರ್ಸೆಲಸ್ ಕೂಲಿಜ್ 1894ರಲ್ಲಿ ಬರೆದ ‘ಪೋಕರ್ ಗೇಮ್’ ಅದು. ಕೆಟ್ಟ ಅಭಿರುಚಿಗೆ ಉದಾಹರಣೆ ಬೇಕೆಂದಾಗಲೆಲ್ಲ ಈ ನಾಯಿಗಳನ್ನೇ ಎಳೆದು ತರುತ್ತಿದ್ದವರಿಗೆ ಒಳ್ಳೆಯ ಫಜೀತಿ! ಇಷ್ಟು ದುಡ್ಡು ಬಿದ್ದ ಮೇಲೆ ಅದರಲ್ಲಿ ಸಾಮಾಜಿಕ ಒಳನೋಟ ಹುಡುಕುವವರು ಹುಟ್ಟಿಕೊಳ್ಳದೆ ಇರುತ್ತಾರೆಯೇ? ಹೀಗಳೆದವರೂ ಹೊಗಳಿದವರೂ ಚಿತ್ರವನ್ನು ನೋಡಲಿಲ್ಲ ಎಂಬುದೇ ಇಲ್ಲಿನ ತಕರಾರು.

ನೋಡುವುದೆಂದರೆ ಹೇಗೆ? ಅವನ ‘ಎ ಫ್ರೆಂಡ್ ಇನ್ ನೀಡ್’ ತೆಗೆದುಕೊಳ್ಳಿ. ಮೇಜಿನ ಸುತ್ತ ಏಳು ನಾಯಿಗಳು. ಮೊದಲ ನೋಟಕ್ಕೆ ನಾಯಿಗಳು ಮನುಷ್ಯರಂತೆ ಕೂತಿರುವುದಷ್ಟೇ ತಮಾಷೆ; ಅದು ಎರಡು ದಿನಕ್ಕೆ ಹಳಸುತ್ತದೆ. ಆಮೇಲೆ ಯಾವತ್ತೋ ಕಣ್ಣು ಮೇಜಿನ ಕೆಳಗೆ ಇಳಿಯುತ್ತದೆ. ಪುಟ್ಟ ಬುಲ್‌ಡಾಗ್ ಒಂದು ಕಾಲ್ಬೆರಳಲ್ಲಿ ಎಕ್ಕ ಹಿಡಿದು ಪಕ್ಕದ ಗೆಳೆಯನಿಗೆ ದಾಟಿಸುತ್ತಿದೆ. ಎದುರಿನ ದೊಡ್ಡ ನಾಯಿಗಳಿಗೆ ಸುಳಿವೇ ಇಲ್ಲ. ಗೋಡೆಯ ಮೇಲೆ ವರ್ಷಗಟ್ಟಲೆ ಇರಬೇಕಾದ ಜೋಕು ಹೀಗೆ ತಡವಾಗಿ ಸಿಕ್ಕಬೇಕು. ಭುಜಗಳು ಬಿಗಿಯಾಗಿವೆ, ಕೂತ ಭಂಗಿ ನಾಯಿಯದೂ ಅಲ್ಲ ಮನುಷ್ಯನದೂ ಅಲ್ಲ. ಇರಲಿ. ಆ ಕಾಲು ಮಾತ್ರ ಇರಬೇಕಾದ ಜಾಗದಲ್ಲೇ ಇದೆ.

ಕೂಲಿಜ್ ಅಪ್ಪಟ ಹವ್ಯಾಸಿಯೇನಲ್ಲ, 1903ರಿಂದ ಬ್ರೌನ್ ಅಂಡ್ ಬಿಗೆಲೊ ಎಂಬ ಕ್ಯಾಲೆಂಡರ್ ಕಂಪನಿಗೆ ದುಡ್ಡಿಗೆ ಬರೆದವನು. ಆದರೆ ಕ್ರಮಬದ್ಧ ಶಿಕ್ಷಣ ಹೆಚ್ಚೇನೂ ಇರಲಿಲ್ಲ. ಬೋರ್ಡು ಬರೆದ, ಔಷಧಿ ಅಂಗಡಿ ನೋಡಿಕೊಂಡ. ಜಾತ್ರೆಗಳಲ್ಲಿ ತೂತಿನೊಳಗೆ ತಲೆ ತೂರಿಸಿ ಫೋಟೋ ತೆಗೆಸಿಕೊಳ್ಳುವ ಹಲಗೆಗಳ ಹಿಂದೆ ಇರುವುದೂ ಇವನ ತಲೆಯೇ ಎನ್ನುತ್ತಾರೆ.

‘ಹವ್ಯಾಸಿ’ ಎಂಬ ಮಾತಿಗೇ ಕನ್ನಡದಲ್ಲಿ ಎರಡು ತೂಕ. ನಾಟಕದಲ್ಲಿ ಅದು ಗೌರವ: ಕೈಲಾಸಂ ಹೆಸರಿನೊಂದಿಗೆ ಹವ್ಯಾಸಿ ರಂಗಭೂಮಿ ಎಂದರೆ ಎಲ್ಲರೂ ನೆಟ್ಟಗೆ ಕೂರುತ್ತಾರೆ. ಚಿತ್ರಕ್ಕೆ ಬಂದರೆ ಅದೇ ಮಾತು ‘ಏನೋ ಮಾಡಿದ್ದಾರೆ ಪಾಪ’ ಎಂಬಂತೆ ಕೇಳಿಸುತ್ತದೆ. ಊಟದ ಮನೆಗೆಂದು ಎಮ್ಮೆಗೆ ಕನ್ನಡಕ ತೊಡಿಸಿ ಬರೆದ ಮನೆಯೊಡತಿ, ತಿಳಿದವರೊಬ್ಬರು ಬರುತ್ತಾರೆಂದರೆ ಅದನ್ನು ಕೋಣೆಯೊಳಗೆ ಬಚ್ಚಿಡುವುದು ಈ ಪಾಪಕ್ಕೆ ಹೆದರಿಯೇ. ಬಂದವರು ಅನುಪಾತ, ಬಣ್ಣದ ಹದ, ಪರ್ಸ್ಪೆಕ್ಟಿವ್ ಎಂದು ಶುರುಮಾಡುತ್ತಾರೆ. ಎಮ್ಮೆ ಕನ್ನಡಕದ ಮೇಲಿಂದ ಅನ್ನದ ಪಾತ್ರೆಯನ್ನು ನೋಡುತ್ತಿದೆಯೇ, ಊಟಕ್ಕೆ ಕೂತವರನ್ನೇ ನೋಡುತ್ತಿದೆಯೇ ಎಂದು ಒಬ್ಬರೂ ಕೇಳುವುದಿಲ್ಲ. ಅಲ್ಲಿ ಒಂದು ಕೂದಲೆಳೆಯಷ್ಟು ಗೆರೆ ತಪ್ಪಿದ್ದರೆ ನಗು ಸತ್ತಿರುತ್ತದೆ, ಬೈಯಬೇಕಾದ್ದು ಅದನ್ನು. ಮೆಚ್ಚಬೇಕಾದ್ದೂ ಅದನ್ನೇ.

ಚಿತ್ರವನ್ನು ನೋಡಿ ನಗುವುದು ಬೇರೆ, ಚಿತ್ರವೇ ನಗಿಸುವುದು ಬೇರೆ. ಬಾಸ್ಟನ್ನಿನ ಕೆಟ್ಟ ಚಿತ್ರಗಳ ಮ್ಯೂಸಿಯಮ್ಮಿಗೂ ಈ ವಿವೇಕ ಇದೆ: ಶ್ರದ್ಧೆಯಿಂದ ಬರೆದು ಹಳಿತಪ್ಪಿದ್ದಷ್ಟೇ ಅಲ್ಲಿಗೆ ಬೇಕು, ಬೇಕೆಂದೇ ಕೆಡಿಸಿದ್ದು ಬೇಡ.

ಹರಾಜಿನವರೂ ಒಮ್ಮೆ ಸರಿಯಾಗಿ ನಡೆದುಕೊಂಡದ್ದುಂಟು. 2005ರಲ್ಲಿ ಕೂಲಿಜನ ‘ಎ ಬೋಲ್ಡ್ ಬ್ಲಫ್’, ‘ವಾಟರ್‌ಲೂ’ ಎರಡನ್ನೂ ಜೋಡಿಯಾಗಿಯೇ ಮಾರಿದರು, 5,90,400 ಡಾಲರಿಗೆ. ಮೊದಲನೆಯದರಲ್ಲಿ ಸೇಂಟ್ ಬರ್ನಾರ್ಡ್ ನಾಯಿ ಕೈಯಲ್ಲಿ ಎರಡರ ಎಲೆಗಳನ್ನಷ್ಟೇ ಇಟ್ಟುಕೊಂಡು ಮುಖ ಗಂಭೀರ ಮಾಡಿಕೊಂಡಿದೆ. ಎರಡನೆಯದರಲ್ಲಿ ಕಟ್ಟಿದ ಹಣವನ್ನೆಲ್ಲ ತನ್ನತ್ತ ಬಾಚಿಕೊಳ್ಳುತ್ತಿದೆ, ಉಳಿದವು ಬಾಯಿಬಿಟ್ಟು ನೋಡುತ್ತಿವೆ.